ನಿಮ್ಮ ಮನೆ ಹತ್ತಿರದ ರಾಜಕಾಲುವೆ ಉಳಿಸಿಕೊಳ್ಳುವುದು ಹೇಗೆ: ಬೆಂಗಳೂರಿನ ನಿಯಮಗಳು, ನಕ್ಷೆಗಳು, ಅರ್ಜಿಗಳು

ಬೆಂಗಳೂರಿನಲ್ಲಿ ದೊಡ್ಡ ನದಿ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹಳ್ಳಗಳಿಗೇನೂ ಬರ ಇಲ್ಲ. ನಗರ ಒಂದು ದಿಬ್ಬದ ಮೇಲೆ ಕೂತಿದೆ. ಇಲ್ಲಿ ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಪಶ್ಚಿಮಕ್ಕೆ ವೃಷಭಾವತಿ, ಅದು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟುತ್ತದೆ. ಹೆಬ್ಬಾಳ ಕಣಿವೆಯ ನೀರು ನಾಗವಾರ, ರಾಂಪುರ, ಎಲೆಮಲ್ಲಪ್ಪಶೆಟ್ಟಿ ಕೆರೆಗಳ ಕಡೆ ಹರಿಯುತ್ತದೆ. ಇವೆರಡೂ ಕೊನೆಗೆ ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿಗೆ ಹೋಗುತ್ತವೆ.

ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ನೀರು ಒಯ್ಯುವ ಹಳ್ಳವೇ ರಾಜಕಾಲುವೆ. ಪಾಲಿಕೆ ಕಡತದಲ್ಲಿ ಇದರ ಹೆಸರು ಬೃಹತ್ ಮಳೆನೀರು ಕಾಲುವೆ. ಹೆಸರಿನಲ್ಲೇ ಮಳೆನೀರು ಅಂತಿದೆ, ಅಲ್ವಾ? ಹಾಗಾದರೆ ಮಾರ್ಚ್ ತಿಂಗಳ ಬಿಸಿಲಲ್ಲಿ ಅದು ಕಪ್ಪಗೆ ಹರಿಯುತ್ತಿದ್ದರೆ ಅದು ಮಳೆನೀರಲ್ಲ. ಹೆಚ್ಚಿನ ಕಡೆ ಅದು ಕೊಳಚೆ.

ಇದನ್ನು ತಡೆಯುವ ನಿಯಮಗಳು ನಮ್ಮಲ್ಲಿ ಬೇಕಾದಷ್ಟಿವೆ. ತೊಂದರೆ ಏನೆಂದರೆ ಅವು ನಾಲ್ಕೈದು ಕಚೇರಿಗಳಲ್ಲಿ ಹಂಚಿಹೋಗಿವೆ. ಎಲ್ಲಕ್ಕೂ ಮೊದಲು ಕೇಳುವ ಪ್ರಶ್ನೆ ಮಾತ್ರ ಒಂದೇ: ಅಲ್ಲಿ ಕಾಲುವೆ ಇದೆ ಅನ್ನುವುದಕ್ಕೆ ದಾಖಲೆ ಎಲ್ಲಿ? ಹಾಗಾಗಿ ಈ ಮಾರ್ಗದರ್ಶಿ ದೂರಿನಿಂದಲ್ಲ, ನಕ್ಷೆಯಿಂದ ಶುರುವಾಗುತ್ತದೆ. ಸೈಟು ಕೊಳ್ಳಲು ಹೊರಟವರಿಗೂ ಮೊದಲ ಮೂರು ಹಂತ ಬೇಕು. ಕೆರೆ ಉಳಿಸಲು ಹೊರಟವರಿಗೆ ಎಲ್ಲವೂ ಬೇಕು.

ಹಂತ 1: ಕಾಲುವೆಯನ್ನು ನಕ್ಷೆಯಲ್ಲಿ ಹುಡುಕಿ

ಕಣ್ಣಿಗೆ ಕಾಣುವ ಕಾಲುವೆಯನ್ನು ಸದ್ಯಕ್ಕೆ ಬಿಡಿ. ಅದರ ಮೇಲೆ ಸ್ಲ್ಯಾಬ್ ಹಾಕಿರಬಹುದು, ಪಕ್ಕಕ್ಕೆ ತಿರುಗಿಸಿರಬಹುದು, ಪೂರ್ತಿ ಮಣ್ಣು ತುಂಬಿರಬಹುದು. ಕಾನೂನಿಗೆ ಬೇಕಾಗಿರುವುದು ಕಂದಾಯ ಇಲಾಖೆಯ ಗ್ರಾಮ ನಕ್ಷೆ.

ಮೊದಲು ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಸರ್ಕಾರದ್ದೇ ಆ್ಯಪ್, ದುಡ್ಡು ಕೊಡಬೇಕಿಲ್ಲ. ಜಾಗದ ಮೇಲೆ ನಿಂತು ತೆರೆದರೆ ನೀವು ಯಾವ ಗ್ರಾಮದ ಯಾವ ಸರ್ವೆ ನಂಬರಿನಲ್ಲಿದ್ದೀರಿ ಅಂತ ತೋರಿಸುತ್ತದೆ. ಬಡಾವಣೆಯ ಹೆಸರು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಳೇ ಊರಿನ ಹೆಸರೇ ಬೇಕು. ಬಹುಮಹಡಿ ಕಟ್ಟಡಗಳ ನಡುವೆ ನಿಂತಾಗ ಜಿಪಿಎಸ್ ಸ್ವಲ್ಪ ಆಚೀಚೆ ಆಗುತ್ತದೆ. ಆದ್ದರಿಂದ ಪಕ್ಕದ ಸರ್ವೆ ನಂಬರುಗಳನ್ನೂ ಬರೆದುಕೊಳ್ಳಿ.

ಆಮೇಲೆ ಆ ಗ್ರಾಮದ ನಕ್ಷೆಯನ್ನು ಕಂದಾಯ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಿ. ಕೆರೆ, ಹಳ್ಳ, ಬಂಡಿದಾರಿ, ಗುಂಡುತೋಪು ಎಲ್ಲ ಅದರಲ್ಲಿರುತ್ತವೆ. ಹಳ್ಳ ಸಾಮಾನ್ಯವಾಗಿ ಸರ್ವೆ ನಂಬರುಗಳ ನಡುವೆ ಅಂಕುಡೊಂಕಾಗಿ ಹರಿಯುವ ಗೆರೆಯಾಗಿ ಕಾಣುತ್ತದೆ. ಯಾವ ಕೆರೆಯಿಂದ ಹೊರಟು ಯಾವ ಕೆರೆಗೆ ಸೇರುತ್ತದೆ ಅಂತ ಬೆರಳಿಟ್ಟು ನೋಡಿ. ನಡುವೆ ಗೆರೆ ಕಡಿದುಹೋದರೆ ಪಕ್ಕದ ಗ್ರಾಮದ ನಕ್ಷೆ ತೆಗೆಯಿರಿ. ಹಳ್ಳಕ್ಕೆ ಊರಿನ ಗಡಿ ಗೊತ್ತಿಲ್ಲ. ಎಷ್ಟೋ ಸಲ ಅದೇ ಎರಡು ಊರಿನ ಗಡಿ ಆಗಿರುತ್ತದೆ.

ಮೂರನೆಯದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಪರಿಷ್ಕೃತ ಮಾಸ್ಟರ್ ಪ್ಲಾನ್ 2015ರ ನಕ್ಷೆ. ಹೆಸರಿನಲ್ಲಿ 2015 ಅಂತಿದ್ದರೂ ಇದು 2007ರಲ್ಲಿ ಮಂಜೂರಾದದ್ದು. 2031ರ ಯೋಜನೆ ಕರಡಿನಲ್ಲೇ ನಿಂತುಹೋಯಿತು. ಹಾಗಾಗಿ ಕಾಲುವೆ ಯಾವ ವರ್ಗದ್ದು ಅಂತ ನೋಡಲು ಇದನ್ನೇ ತೆರೆಯಬೇಕು. ವರ್ಗ ಮೂರು: ಪ್ರಾಥಮಿಕ, ದ್ವಿತೀಯ, ತೃತೀಯ. ನಕ್ಷೆಯಲ್ಲಿ ವರ್ಗ ಗುರುತಿಸದೇ ಇದ್ದರೆ 'ಇದು ಕಾಲುವೆಯೇ ಅಲ್ಲ' ಅಂತ ಮಾರುವವರು ಹೇಳುತ್ತಾರೆ. ನಿಯಮ ಹಾಗೆ ಹೇಳುವುದಿಲ್ಲ. ನಕ್ಷೆ ಬರೆಯುವಾಗಿನ ತಪ್ಪಿನಿಂದ ಕಾಲುವೆಯ ಬಫರ್ (ಅಂಚಿನಲ್ಲಿ ಕಟ್ಟಡ ಕಟ್ಟಬಾರದ ಜಾಗ) ಗುರುತಿಸದೇ ಹೋಗಿದ್ದರೂ ಕಂದಾಯ ದಾಖಲೆ ನೋಡಿ ಅದನ್ನು ಬಿಡಿಸಬೇಕು ಅಂತ ವಲಯ ನಿಯಮಾವಳಿಯಲ್ಲೇ ಬರೆದಿದೆ.

ಹಂತ 2: ಪಹಣಿಯ ಖರಾಬು ಕಾಲಂ ಓದಿ

ಇದು ಬಹಳ ಜನ ಬಿಟ್ಟುಬಿಡುವ ಹಂತ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದೂ ಇದೇ.

ಪಹಣಿಯ ಮೂರನೇ ಕಾಲಂನಲ್ಲಿ ವಿಸ್ತೀರ್ಣ ಇರುತ್ತದೆ. ಮೇಲೆ ಒಟ್ಟು ವಿಸ್ತೀರ್ಣ, ಅದರ ಕೆಳಗೆ 'ಎ' ಖರಾಬು ಮತ್ತು 'ಬಿ' ಖರಾಬು, ಕೊನೆಗೆ ಉಳಿದದ್ದು. 'ಎ' ಖರಾಬು ಅಂದರೆ ಬಂಡೆ, ಕಣ, ಮನೆ ಹೀಗೆ ಬೇಸಾಯಕ್ಕೆ ಬಾರದ ಜಾಗ. 'ಬಿ' ಖರಾಬು ಸಾರ್ವಜನಿಕರ ಜಾಗ: ದಾರಿ, ಹಳ್ಳ, ಕಾಲುವೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಹಳ್ಳ, ನಾಲೆ, ಕೆರೆಗಳು ಸರ್ಕಾರದ ಸ್ವತ್ತು. ಅದನ್ನು ಯಾರೂ ಮಾರುವಂತಿಲ್ಲ. ಮಾರಿದರೂ ಕೊಂಡವರಿಗೆ ಹಕ್ಕು ಬರುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಸರ್ವೆ ನಂಬರಿನಲ್ಲಿ ಒಟ್ಟು 3 ಎಕರೆ 20 ಗುಂಟೆ, ಅದರಲ್ಲಿ 'ಬಿ' ಖರಾಬು 12 ಗುಂಟೆ, ಉಳಿದದ್ದು 3 ಎಕರೆ 8 ಗುಂಟೆ ಇದೆ ಅಂದುಕೊಳ್ಳಿ. ಒಂದು ಗುಂಟೆ ಅಂದರೆ 1,089 ಚದರ ಅಡಿ. 12 ಗುಂಟೆ ಅಂದರೆ 13,068 ಚದರ ಅಡಿ. ಹತ್ತಕ್ಕಿಂತ ಜಾಸ್ತಿ 30x40 ಸೈಟುಗಳ ಜಾಗ! ಈಗ ಬಡಾವಣೆಯ ನಕ್ಷೆ ತೆಗೆದುಕೊಂಡು ಸೈಟು, ರಸ್ತೆ, ಪಾರ್ಕು ಎಲ್ಲ ಕೂಡಿ. ಮೊತ್ತ 3 ಎಕರೆ 20 ಗುಂಟೆ ಬಂದರೆ ಕಾಲುವೆ ಸೈಟುಗಳೊಳಗೆ ಸೇರಿಹೋಗಿದೆ ಅಂತಲೇ ಅರ್ಥ.

ಇದೇ ಲೆಕ್ಕದಿಂದ ಕಾಲುವೆಯ ಮೂಲ ಅಗಲವೂ ಸಿಗುತ್ತದೆ. 12 ಗುಂಟೆ ಅಂದರೆ ಸುಮಾರು 1,214 ಚದರ ಮೀಟರ್. ಆ ಸರ್ವೆ ನಂಬರಿನಲ್ಲಿ ಹಳ್ಳ 200 ಮೀಟರ್ ಉದ್ದ ಹರಿದಿದ್ದರೆ ಅಗಲ ಸುಮಾರು 6 ಮೀಟರ್ ಇರಬೇಕಿತ್ತು. ಈಗ ಅಲ್ಲಿ ಎರಡು ಮೀಟರಿನ ಕಾಂಕ್ರೀಟ್ ಚರಂಡಿ ಮಾತ್ರ ಇದ್ದರೆ, ಉಳಿದ ನಾಲ್ಕು ಮೀಟರ್ ಎಲ್ಲಿ ಹೋಯಿತು ಅನ್ನುವುದೇ ನಿಮ್ಮ ಪ್ರಶ್ನೆ.

ಭೂಪರಿವರ್ತನೆ ಆಗಿ ಖಾತಾ ಬಂದಮೇಲೆ ಕೈಗೆ ಸಿಗುವ ಕಾಗದಗಳಲ್ಲಿ ಖರಾಬು ಕಾಣುವುದಿಲ್ಲ. ಆದ್ದರಿಂದ ಪರಿವರ್ತನೆಗೆ ಮುಂಚಿನ ಪಹಣಿಯನ್ನೇ ಕೇಳಿ. ಜೊತೆಗೆ ಆಕಾರ್‌ಬಂದ್ ಮತ್ತು ಟಿಪ್ಪಣಿಯ ನಕಲನ್ನೂ ಸರ್ವೆ ಕಚೇರಿಯಿಂದ ಪಡೆಯಿರಿ. ಆಕಾರ್‌ಬಂದ್ ವಿಸ್ತೀರ್ಣ ಹೇಳುತ್ತದೆ, ಟಿಪ್ಪಣಿ ಅಳತೆ ಹೇಳುತ್ತದೆ. ಕೊಡಲು ಹಿಂದೆಮುಂದೆ ನೋಡುವ ಮಾರಾಟಗಾರರಿಂದ ಸೈಟು ಕೊಳ್ಳದೇ ಇರುವುದೇ ಒಳ್ಳೆಯದು.

ಹಂತ 3: ಬಫರ್ ಅಳೆಯಿರಿ

ಕಾಲುವೆಯ ಜಾಗ ಬೇರೆ, ಅದರ ಅಂಚಿನ ಬಫರ್ ಬೇರೆ. ಬಫರ್ ಖಾಸಗಿಯವರ ಹೆಸರಿನಲ್ಲೇ ಇರಬಹುದು. ಆದರೆ ಅಲ್ಲಿ ಮನೆ ಕಟ್ಟುವಂತಿಲ್ಲ. ನೀರಿಗೆ ಅಡ್ಡ ಬಾರದ ರಸ್ತೆ, ಕಾಲುದಾರಿ, ಸೇತುವೆ, ಮೋರಿ, ಕೊಳಚೆ ಸಂಸ್ಕರಣಾ ಘಟಕ ಇಂಥವಕ್ಕೆ ಮಾತ್ರ ಅವಕಾಶ.

ಮಾಸ್ಟರ್ ಪ್ಲಾನ್ 2015ರ ಪ್ರಕಾರ ಅಳತೆ ಹೀಗಿದೆ. ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15, ಎರಡೂ ಬದಿಗೆ. ಕೆರೆಗೆ ಸುತ್ತ 30 ಮೀಟರ್. ಇಲ್ಲಿ ಎರಡು ವಿಷಯ ಗಮನಿಸಿ. ಕಾಲುವೆಯ ಬಫರನ್ನು ಅಂಚಿನಿಂದಲ್ಲ, ನಡುವಿನಿಂದ ಅಳೆಯುತ್ತಾರೆ. 8 ಮೀಟರ್ ಅಗಲದ ದ್ವಿತೀಯ ಕಾಲುವೆ ಇದ್ದರೆ ನಡುವಿನಿಂದ 25 ಮೀಟರ್, ಅಂದರೆ ದಡದಿಂದ 21 ಮೀಟರ್. ಕೆರೆಗೆ ಹಾಗಲ್ಲ. ಕಂದಾಯ ದಾಖಲೆಯಲ್ಲಿರುವ ಕೆರೆಯ ಗಡಿಯಿಂದ 30 ಮೀಟರ್. ಈ ಬೇಸಿಗೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

'75 ಮೀಟರ್ ಅಲ್ವಾ?' ಅಂತ ಈಗಲೂ ಕೇಳುವವರಿದ್ದಾರೆ. ಅದು 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಟ್ಟ ಆದೇಶ: ಕೆರೆಗೆ 75, ಕಾಲುವೆಗಳಿಗೆ 50, 35, 25 ಮೀಟರ್, ಅದೂ ಅಂಚಿನಿಂದ. ಕಾನೂನಿನಡಿ ಆಗಿರುವ ಮಾಸ್ಟರ್ ಪ್ಲಾನನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಅಂತ 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಅಳತೆಯನ್ನು ರದ್ದು ಮಾಡಿತು. ಹಳೆಯ ಅಳತೆ ವಾಪಸ್ ಬಂತು. ಆಮೇಲೆ 2025ರ ಆಗಸ್ಟ್‌ನಲ್ಲಿ ಕೆರೆಯ ವಿಸ್ತೀರ್ಣ ನೋಡಿಕೊಂಡು ಬಫರ್ ಇಳಿಸುವ ತಿದ್ದುಪಡಿ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಚಿಕ್ಕ ಕೆರೆಗೆ ಚಿಕ್ಕ ಬಫರ್ ಸಾಕು ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಮೊದಲು ಒತ್ತುವರಿ ಆಗುವುದೇ ಚಿಕ್ಕ ಕೆರೆ. ಅದೇನೇ ಇರಲಿ, ನಿಮ್ಮ ಜಾಗಕ್ಕೆ ಇವತ್ತು ಯಾವ ಅಳತೆ ಅನ್ವಯವಾಗುತ್ತದೆ ಅನ್ನುವುದನ್ನು ನಕ್ಷೆ ಮಂಜೂರು ಮಾಡುವ ಕಚೇರಿಯಿಂದ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಬೇಡ.

ಹಂತ 4: ನಿಮ್ಮ ಮನೆಯ ಎರಡು ಪೈಪು ನೋಡಿ

ದೂರು ಬರೆಯುವ ಮುಂಚೆ ನಮ್ಮ ಮನೆ ಸರಿ ಇರಬೇಕು. ಪಕ್ಕದವರು ಕೇಳಿಯೇ ಕೇಳುತ್ತಾರೆ.

ಬೆಂಗಳೂರಿನಲ್ಲಿ ನೀರು ಹೋಗುವ ದಾರಿ ಎರಡು. ಮಳೆನೀರಿಗೆ ರಸ್ತೆಬದಿಯ ಚರಂಡಿ, ಅದು ರಾಜಕಾಲುವೆ ಸೇರುತ್ತದೆ. ಬಚ್ಚಲು, ಅಡುಗೆಮನೆ, ಶೌಚಾಲಯದ ನೀರಿಗೆ ಜಲಮಂಡಳಿಯ ಒಳಚರಂಡಿ. ಇವೆರಡೂ ಎಲ್ಲೂ ಸೇರಬಾರದು. ಆದರೆ ಎರಡು ಕಡೆಯಿಂದಲೂ ಸೇರುತ್ತವೆ.

ಒಂದು, ತಾರಸಿಯ ಮಳೆನೀರಿನ ಪೈಪನ್ನು ಮನೆಮುಂದಿನ ಒಳಚರಂಡಿ ಚೇಂಬರಿಗೆ ಸೇರಿಸುವುದು. ಒಳಚರಂಡಿ ಕೊಳವೆಯನ್ನು ಮಳೆಯ ಲೆಕ್ಕ ಹಾಕಿ ಮಾಡಿರುವುದಿಲ್ಲ. ಜೋರು ಮಳೆ ಬಂದಾಗ ಬೀದಿಯ ಮನೆಗಳ ತಾರಸಿ ನೀರೆಲ್ಲ ಅದರೊಳಗೆ ನುಗ್ಗುತ್ತದೆ. ಕೊಳವೆ ತುಂಬುತ್ತದೆ. ತಗ್ಗಿನಲ್ಲಿರುವ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕೊಳಚೆ ರಸ್ತೆಗೆ, ಅಲ್ಲಿಂದ ಕಾಲುವೆಗೆ ಹರಿಯುತ್ತದೆ. ಎಷ್ಟೋ ತಗ್ಗಿನ ಮನೆಗಳಲ್ಲಿ ಬಚ್ಚಲಿನಿಂದಲೇ ಕೊಳಚೆ ಉಕ್ಕುವುದೂ ಇದರಿಂದಲೇ.

ಎರಡು, ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರನ್ನು ಸುಮ್ನೆ ಮುಂದಿನ ಚರಂಡಿಗೆ ಬಿಡುವುದು. 'ಸೋಪು ನೀರು ತಾನೇ' ಅನ್ನಿಸುತ್ತದೆ. ಬೆಳ್ಳಂದೂರು, ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದು ನೆನಪಿದೆಯಲ್ಲ? ಸಂಸ್ಕರಿಸದ ಕೊಳಚೆಯ ಜೊತೆ ಬಂದ ಡಿಟರ್ಜೆಂಟಿಗೆ ಅದರಲ್ಲಿ ದೊಡ್ಡ ಪಾಲಿದೆ.

ಪರೀಕ್ಷೆ ಮಾಡುವುದು ಸುಲಭ. ಒಂದು ಬಕೆಟ್ ನೀರಿಗೆ ಸ್ವಲ್ಪ ಅರಿಶಿನ ಕದಡಿ ತಾರಸಿಯ ಪೈಪಿಗೆ ಸುರಿಯಿರಿ. ಒಬ್ಬರು ಒಳಚರಂಡಿ ಚೇಂಬರ್ ಹತ್ತಿರ ನಿಲ್ಲಲಿ. ಹಳದಿ ನೀರು ಅಲ್ಲಿ ಬಂದರೆ ಪೈಪು ತಪ್ಪಾಗಿದೆ. ಹಾಗೇ ಅಡುಗೆಮನೆ ಸಿಂಕಿಗೂ ಮಾಡಿ, ಈ ಸಲ ರಸ್ತೆಯ ಚರಂಡಿ ನೋಡಿ. ಪ್ಲಂಬರ್ ಕರೆಸಿ ಸರಿಮಾಡಿಸುವುದು ಹೆಚ್ಚಿನ ಮನೆಗಳಲ್ಲಿ ಒಂದು ದಿನದ ಕೆಲಸ.

ತಾರಸಿಯ ನೀರನ್ನು ಇಂಗಿಸಲು ಇಲ್ಲವೇ ಕೂಡಿಡಲು ಬೇರೆ ನಿಯಮವೇ ಇದೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. 30x40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ, 40x60 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೇ ಮನೆಗಳಿಗೆ ಇದು ಅನ್ವಯ. ಮಾಡಿಸದಿದ್ದರೆ ನೀರಿನ ಬಿಲ್ಲಿನ ಜೊತೆಗೇ ದಂಡ ಬರುತ್ತದೆ. ದಂಡ ಕಟ್ಟಿಕೊಂಡೇ ವರ್ಷಗಟ್ಟಲೆ ಕಾಲ ತಳ್ಳುವವರಿದ್ದಾರೆ. ಆ ದುಡ್ಡಿನಲ್ಲಿ ಇಂಗುಗುಂಡಿಯೇ ಆಗುತ್ತಿತ್ತು.

ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ಕೆಲಸ. ಎಸ್‌ಟಿಪಿ, ಅಂದರೆ ಕೊಳಚೆ ಸಂಸ್ಕರಣಾ ಘಟಕ ಇದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಚಾಲನಾ ಸಮ್ಮತಿ ಪತ್ರ ಇರಬೇಕು. ಅದನ್ನು ಸಂಘದ ಕಚೇರಿಯಲ್ಲಿ ಕೇಳಿ ಓದಿ. ಸಂಸ್ಕರಿಸಿದ ನೀರಿನಲ್ಲಿ ಬಿಒಡಿ ಎಷ್ಟಿರಬೇಕು, ಆ ನೀರನ್ನು ಎಲ್ಲಿ ಬಳಸಬೇಕು ಅಂತ ಅದರಲ್ಲಿ ಷರತ್ತು ಇರುತ್ತದೆ. ಬಿಒಡಿ ಅಂದರೆ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ. ಅದು ಜಾಸ್ತಿಯಾದಷ್ಟೂ ಕೆರೆಯ ಮೀನಿಗೆ ಉಸಿರು ಕಡಿಮೆ. ರಾತ್ರಿ ವಿದ್ಯುತ್ ಉಳಿಸಲು ಎಸ್‌ಟಿಪಿಗೆ ಗಾಳಿ ಊದುವ ಬ್ಲೋವರ್ ಆಫ್ ಮಾಡುವ ಅಭ್ಯಾಸ ನಿಮ್ಮಲ್ಲಿದೆಯಾ ಅಂತಲೂ ವಿಚಾರಿಸಿ. ಗಾಳಿ ನಿಂತರೆ ಬ್ಯಾಕ್ಟೀರಿಯಾ ಸಾಯುತ್ತದೆ. ಮತ್ತೆ ಅದು ಬೆಳೆಯುವವರೆಗೆ ಹೊರಗೆ ಬರುವುದು ಬರೀ ಕೊಳಚೆ.

ಗಣೇಶನ ಹಬ್ಬದ ನಿಯಮ ಎಲ್ಲರಿಗೂ ಗೊತ್ತು: ಪಿಒಪಿ ಮೂರ್ತಿ ಬೇಡ, ವಿಸರ್ಜನೆ ಕಲ್ಯಾಣಿಯಲ್ಲಿ ಅಥವಾ ಸಂಚಾರಿ ಟ್ಯಾಂಕಿನಲ್ಲಿ. ಇನ್ನು ಮನೆ ಒಡೆದ ಮಣ್ಣು, ಇಟ್ಟಿಗೆ ಚೂರನ್ನು ಕಾಲುವೆ ದಡಕ್ಕೆ ಸುರಿಯುವುದು ಕಟ್ಟಡ ತ್ಯಾಜ್ಯ ನಿಯಮಗಳ ಪ್ರಕಾರ ತಪ್ಪು. ಗುತ್ತಿಗೆದಾರ 'ಸಾರ್, ನಾವು ನೋಡ್ಕೋತೀವಿ' ಅಂದರೆ ಎಲ್ಲಿ ನೋಡಿಕೊಳ್ಳುತ್ತಾನೆ ಅಂತ ಕೇಳಿ.

ಹಂತ 5: ಏನು ಹರಿಯುತ್ತಿದೆ, ಯಾವಾಗ ಹರಿಯುತ್ತಿದೆ

ಮಳೆ ಬಂದು ನಾಲ್ಕೈದು ದಿನ ಆದಮೇಲೆ ಕಾಲುವೆ ಹತ್ತಿರ ಹೋಗಿ. ಬೆಳಿಗ್ಗೆ ಹೊತ್ತು ಒಳ್ಳೆಯದು. ಮನೆಮನೆಯಲ್ಲೂ ಸ್ನಾನ, ಬಟ್ಟೆ ಆಗುವ ಸಮಯ ಅದು. ಬೆಳಿಗ್ಗೆ ಜೋರಾಗಿ ಹರಿದು ಮಧ್ಯಾಹ್ನ ಇಳಿದರೆ ಅದು ಮನೆಗಳ ಕೊಳಚೆ. ದಿನಪೂರ್ತಿ ಒಂದೇ ಸಮ ಬರುತ್ತಿದ್ದರೆ ಒಡೆದ ಒಳಚರಂಡಿ ಕೊಳವೆ ಇರಬಹುದು. ರಾತ್ರಿ ಮಾತ್ರ ಬಣ್ಣ ಅಥವಾ ವಾಸನೆ ಬದಲಾದರೆ ಯಾವುದೋ ಕಾರ್ಖಾನೆ ಅಥವಾ ಟ್ಯಾಂಕರಿನ ಕೆಲಸ.

ಕಾಲುವೆಗುಂಟ ಮೇಲಕ್ಕೆ ನಡೆಯಿರಿ. ಶುದ್ಧ ಇರುವ ಜಾಗ ಮತ್ತು ಕೊಳಕಾಗುವ ಜಾಗದ ನಡುವೆಯೇ ಪೈಪು ಇರುತ್ತದೆ. ಪೈಪಿನ ಬಾಯಿ, ಸುತ್ತಲಿನ ಗುರುತು, ವಿದ್ಯುತ್ ಕಂಬದ ನಂಬರ್ ಎಲ್ಲ ಬರುವ ಹಾಗೆ ಫೋಟೊ ತೆಗೆಯಿರಿ. ಫೋನಿನ ಲೊಕೇಶನ್ ಆನ್ ಇರಲಿ. ಮಲದ ಟ್ಯಾಂಕರ್ ಕಾಲುವೆಗೆ ಖಾಲಿ ಮಾಡುತ್ತಿದ್ದರೆ ನಂಬರ್ ಪ್ಲೇಟ್ ಮುಖ್ಯ. ಆದರೆ ಒಬ್ಬರೇ ಹೋಗಿ ಜಗಳಕ್ಕೆ ನಿಲ್ಲಬೇಡಿ, ದೂರದಿಂದ ತೆಗೆದರೆ ಸಾಕು.

ನೀವೇ ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಕೊಡಬಹುದು. ಸಮಸ್ಯೆ ಎಷ್ಟಿದೆ ಅಂತ ನಿಮಗೆ ಗೊತ್ತಾಗುತ್ತದೆ. ಆದರೆ ಕೇಸಿಗೆ ಬೇಕಾದ ಮಾದರಿಯನ್ನು 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ತೆಗೆಯಬೇಕು. ನಿಮ್ಮ ವರದಿ ಅವರನ್ನು ಅಲ್ಲಿಗೆ ಕರೆತರಲು ಮಾತ್ರ.

ಹಂತ 6: ಸರಿಯಾದ ಕಚೇರಿಗೆ ಬರೆಯಿರಿ

ಹೆಚ್ಚಿನ ದೂರುಗಳು ಸಾಯುವುದು ಇಲ್ಲಿ. 'ನಮ್ಮದಲ್ಲ, ಅವರದ್ದು' ಅನ್ನುವ ಉತ್ತರ ಬಂದು ಕಡತ ಮುಚ್ಚುತ್ತದೆ. ಆದ್ದರಿಂದ ಯಾರದ್ದು ಏನು ಅಂತ ಮೊದಲೇ ತಿಳಿದಿರಲಿ.

ಕಾಲುವೆಯ ಜಾಗ ಕಂದಾಯ ಇಲಾಖೆಯದ್ದು. ಒತ್ತುವರಿ ಅಳೆಯುವುದು, ತೆರವಿಗೆ ಆದೇಶ ಕೊಡುವುದು ತಹಶೀಲ್ದಾರ್ ಕೆಲಸ. ಭೂಕಂದಾಯ ಕಾಯ್ದೆಯ 104ನೇ ಕಲಂ ಆ ಅಧಿಕಾರ ಕೊಡುತ್ತದೆ. ಕಾಲುವೆಯ ಗೋಡೆ, ಹೂಳು, ತಡೆ ಇದೆಲ್ಲ ಪಾಲಿಕೆಯ ಮಳೆನೀರು ಕಾಲುವೆ ವಿಭಾಗದ್ದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ಪಾಲಿಕೆಗಳಿವೆ. ನಿಮ್ಮ ವಾರ್ಡು ಯಾವ ಪಾಲಿಕೆಗೆ ಬಂತು ಅಂತ ನೋಡಿಕೊಳ್ಳಿ. ಒಳಚರಂಡಿ ಉಕ್ಕಿದರೆ, ಕೊಳಚೆ ಕಾಲುವೆಗೆ ಸೇರುತ್ತಿದ್ದರೆ ಜಲಮಂಡಳಿ, ಸಹಾಯವಾಣಿ 1916. ಕಾರ್ಖಾನೆ, ಎಸ್‌ಟಿಪಿ, ರಾಸಾಯನಿಕ ಅಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ಹಳ್ಳಕ್ಕೆ, ಬಾವಿಗೆ, ಚರಂಡಿಗೆ ಮಾಲಿನ್ಯ ಬಿಡುವುದನ್ನು ತಡೆಯುವ ಜಲ ಕಾಯ್ದೆಯ 24ನೇ ಕಲಂ ಅವರ ಕೈಯಲ್ಲಿದೆ.

ಒಂದೇ ಪತ್ರ ಬರೆದು ಎಲ್ಲರಿಗೂ ಪ್ರತಿ ಕಳಿಸಿ. ಮೇಲುಗಡೆ ಯಾರಿಗೆ ಯಾವ ಪ್ರತಿ ಅಂತ ಕಾಣಲಿ. ಭಾವನೆ ಕಡಿಮೆ, ನಂಬರ್ ಜಾಸ್ತಿ ಇರಲಿ: ಗ್ರಾಮ, ಸರ್ವೆ ನಂಬರ್, ಖರಾಬು ಎಷ್ಟು ಗುಂಟೆ, ನಕ್ಷೆಯಲ್ಲಿ ಅಗಲ ಎಷ್ಟು, ಈಗ ಎಷ್ಟು, ಫೋಟೊ ತೆಗೆದ ದಿನ. ಕೊನೆಯಲ್ಲಿ ಒಂದೇ ಬೇಡಿಕೆ ಇಡಿ. ಒತ್ತುವರಿ ಆದರೆ 'ಜಂಟಿ ಸರ್ವೆ ಮಾಡಿ ಗಡಿ ಗುರುತಿಸಿ' ಅನ್ನಿ. 'ಕ್ರಮ ಕೈಗೊಳ್ಳಿ' ಅಂತ ಬರೆದರೆ 'ಕೈಗೊಳ್ಳಲಾಗುವುದು' ಅಂತ ಉತ್ತರ ಬರುತ್ತದೆ, ಅಷ್ಟೇ. ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಹಂತ 7: ಉತ್ತರ ಬಾರದಿದ್ದರೆ

ತಿಂಗಳಾದರೂ ಸದ್ದಿಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಈ ಕಾರಣಕ್ಕೇ ಎಷ್ಟೋ ಅರ್ಜಿ ವಾಪಸ್ ಬರುತ್ತವೆ. ಹಾಗಾಗಿ ಸರ್ವೆಗೆ ಒಂದು, ತೆರವಿಗೆ ಒಂದು ಅಂತ ಬಿಡಿಸಿ ಹಾಕಿ. 'ಯಾಕೆ ಕ್ರಮ ಇಲ್ಲ?' ಅಂತ ಕೇಳಬೇಡಿ. ಕಾರಣ ಕೊಡುವುದು ಅವರ ಕೆಲಸ ಅಲ್ಲ, ಕಾಗದ ಕೊಡುವುದು ಮಾತ್ರ. 'ಇಂಥ ಸರ್ವೆ ನಂಬರಿನ ಕಾಲುವೆಯ ಸರ್ವೆ ವರದಿ ಮತ್ತು ನಕ್ಷೆಯ ದೃಢೀಕೃತ ಪ್ರತಿ ಕೊಡಿ' ಅಂತ ಕೇಳಿ. ಸರ್ವೆಯೇ ಆಗಿಲ್ಲ ಅಂತ ಉತ್ತರ ಬಂದರೂ ಒಳ್ಳೆಯದೇ. ಅದೂ ಒಂದು ದಾಖಲೆ.

ಕಲ್ಲು ನೆಟ್ಟು ಗಡಿ ಗುರುತಿಸಿದ ದಿನ ಅರ್ಧ ಕೆಲಸ ಆಯಿತು. ಅವತ್ತೇ ಪ್ರತಿ ಕಲ್ಲಿನ ಫೋಟೊ ತೆಗೆದಿಡಿ. ಕಲ್ಲುಗಳು ರಾತ್ರೋರಾತ್ರಿ ಜಾಗ ಬದಲಿಸುವ ಊರು ಇದು.

ಒತ್ತುವರಿದಾರರು ದೊಡ್ಡವರಾಗಿದ್ದರೆ, ಜಾಗವೂ ದೊಡ್ಡದಾಗಿದ್ದರೆ ಭೂಕಬಳಿಕೆ ನಿಷೇಧ ಕಾಯ್ದೆಯ ವಿಶೇಷ ನ್ಯಾಯಾಲಯ ಬೆಂಗಳೂರಿನಲ್ಲೇ ಇದೆ. ನೀರು ಹಾಳಾಗುತ್ತಿರುವ ಪ್ರಕರಣಕ್ಕೆ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಇಲ್ಲಿ ದಿನಾಂಕದ ಬಗ್ಗೆ ಹುಷಾರಾಗಿರಿ. ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೇ ಕಲಂ ಅಡಿ ಹೋಗುವುದಾದರೆ ಸಮಸ್ಯೆ ಮೊದಲು ಎದ್ದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣ ಇದ್ದರೆ ಇನ್ನೂ 60 ದಿನ ಸಿಗುತ್ತದೆ. ಹಾಳಾದ ಕೆರೆ, ಕಾಲುವೆಯನ್ನು ಮೊದಲಿನಂತೆ ಮಾಡಿಸಿ ಅಂತ 15ನೇ ಕಲಂ ಅಡಿ ಕೇಳುವುದಾದರೆ ಐದು ವರ್ಷದ ಅವಧಿ ಇದೆ. ಕಚೇರಿಗಳಿಗೆ ಬರೆದ ಪತ್ರಗಳಿಗೆ ಕಾಯುತ್ತಾ ಕೂತರೆ ಆರು ತಿಂಗಳು ಹೇಗೆ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಮೊದಲ ಫೋಟೊ ತೆಗೆದ ದಿನವೇ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.